ಮಾರಲೊಲ್ಲದ ಮನೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದು ನಮ್ಮ ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಮಾರದೆ ಉಳಿಸಿಕೊಂಡು ನೋಡು ಎಂದು ಹೇಳುವ ಪ್ರಸಂಗವು ಅವರಿಗೆ ಒದಗಿರಲಾರದು. ಒಂದು ಬೀದಿಯನ್ನೇ ಒಟ್ಟಾಗಿ ಕೊಂಡು, ಹಳೆಯ ಮನೆಗಳನ್ನೆಲ್ಲ ಕೆಡವಿ, ಅಲ್ಲಿ ಹತ್ತಾರು ಅಂತಸ್ತುಗಳ ಕಟ್ಟಡಗಳನ್ನೆಬ್ಬಿಸುವ ಉದ್ಯಮವು ಬೆಳೆದ ಮೇಲೆ ಈ ಪ್ರಸಂಗವು ಜಗತ್ತಿನ ನಾನಾ ನಗರಗಳಲ್ಲಿ ತಲೆದೋರಿದೆ. ಬೀದಿಯವರೆಲ್ಲರೂ ಹಣ ಪಡೆದು ಹೊರಡುತ್ತಾರೆ; ಒಬ್ಬರು ಮಾತ್ರ ಒಲ್ಲೆನೆನ್ನುತ್ತಾರೆ. ಚೀನೀಯರು ಇಂಥ ಮನೆಯವರನ್ನು 'ಮೊಳೆಯ ಮನೆಯವರು' ಎಂಬರ್ಥದ ಮಾತಿನಿಂದ ಕರೆಯುತ್ತಾರೆ. ಸುತ್ತಿಗೆಯ ಪೆಟ್ಟಿಗೆ ಒಳಗೂ ಹೋಗದೆ, ಇಕ್ಕಳಕ್ಕೆ ಸಿಕ್ಕಿ ಹೊರಗೂ ಬಾರದೆ, ಹಲಗೆಯಿಂದ ಮೇಲೆದ್ದು ನಿಂತಿರುವ ಮೊಳೆಯ ಚಿತ್ರವು ಆ ಮಾತಿನಲ್ಲಿದೆ.

ಇದು ವಕೀಲರ ವಿಷಯ, ಹೆಚ್ಚೆಂದರೆ ಅರ್ಥಶಾಸ್ತ್ರಜ್ಞರ ವಿಷಯ. ಭೌತವಿಜ್ಞಾನವನ್ನು ಪಾಠ ಹೇಳುವವರಿಗೆ ಇಲ್ಲೇನು ಕೆಲಸ ಎಂದು ವಾಚಕರು ಕೇಳಬಹುದು. ಮನೆಯು ನಿಲ್ಲುವುದು ಮಣ್ಣಿನ ಮೇಲೆ. ಅದಕ್ಕೆ ಬೇಕಾದುದು ಬೆಳಕು. ಸುತ್ತಲಿನ ಮಣ್ಣನ್ನು ತೆಗೆದರೆ, ಬೆಳಕಿಗೆ ಅಡ್ಡವಾಗಿ ಗೋಡೆಯನ್ನು ಎಬ್ಬಿಸಿದರೆ ಏನಾಗುವುದೆಂಬುದು ಲೆಕ್ಕಕ್ಕೆ ಸಿಕ್ಕುವ ಸಂಗತಿ. ಅಷ್ಟೇ ಅಲ್ಲ, ಒಲ್ಲೆನೆನ್ನುವವರು ಒಬ್ಬರಾದರೂ ಏಕೆ ಇದ್ದೇ ಇರುತ್ತಾರೆ ಎಂಬ ಪ್ರಶ್ನೆಗೂ ಕಾಲೇಜಿನ ಮೊದಲ ವರ್ಷದ ಗಣಿತವು ಉತ್ತರ ಕೊಡಬಲ್ಲುದು.

2007ರ ಮಾರ್ಚ್ ತಿಂಗಳಿನಲ್ಲಿ ಚೀನಾದ ಚೊಂಗ್‌ಚಿಂಗ್ ನಗರದ ಒಂದು ಛಾಯಾಚಿತ್ರವು ಲೋಕದ ಪತ್ರಿಕೆಗಳಲ್ಲೆಲ್ಲ ಪ್ರಕಟವಾಯಿತು. ಅಂಗಡಿಗಳ ದೊಡ್ಡ ಸಮುಚ್ಚಯವನ್ನು ಕಟ್ಟುವುದಕ್ಕಾಗಿ ಅಗೆದ ವಿಶಾಲವಾದ ಗುಂಡಿ. ಅದರ ನಡುವೆ ಬುಡವೆಲ್ಲ ಕಡಿದುಹೋದ ಒಂದು ಮಣ್ಣಿನ ದಿಬ್ಬ. ಆ ದಿಬ್ಬದ ನೆತ್ತಿಯ ಮೇಲೆ ಇಟ್ಟಿಗೆಯ ಎರಡಂತಸ್ತಿನ ಒಂಟಿ ಮನೆ. ಸುಮಾರು 280 ನೆರೆಯ ಕುಟುಂಬಗಳು ಹೊರಟುಹೋಗಿದ್ದವು. ಈ ಮನೆಯವರು ಮಾತ್ರ 2004ರಿಂದಲೂ ಒಪ್ಪಿರಲಿಲ್ಲ. ನೀರು ನಿಂತಿತು, ವಿದ್ಯುತ್ತು ನಿಂತಿತು, ಹತ್ತು ಮೀಟರಿಗೂ ಹೆಚ್ಚು ಆಳಕ್ಕೆ ಸುತ್ತಲೂ ಅಗೆದುದರಿಂದ ಬಾಗಿಲಿಗೆ ದಾರಿಯೇ ಇಲ್ಲವಾಯಿತು. ಮನೆಯ ಯಜಮಾನನು ದಿಬ್ಬದ ಮೈಯನ್ನು ಹತ್ತಿ, ಮನೆಯೊಳಕ್ಕೆ ಸೇರಿ, ಮೇಲೆ ಬಾವುಟವನ್ನು ಹಾರಿಸಿದನು. ಗುಂಡಿಯ ಅಂಚಿನಲ್ಲಿ ನಿಂತು ಪತ್ರಕರ್ತರೊಡನೆ ವಾದಿಸುತ್ತಿದ್ದವಳು ಆತನ ಹೆಂಡತಿ.

ತರಗತಿಯಲ್ಲಿ ಈ ಚಿತ್ರವನ್ನು ತೋರಿಸಿದಾಗ ಹುಡುಗನೊಬ್ಬನು ಎದ್ದುನಿಂತು, "ಆಕೆಯ ಧೈರ್ಯವಿರಲಿ ಸಾರ್, ಆ ಮಣ್ಣಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು?" ಎಂದು ಕೇಳಿದನು. ಪ್ರಶ್ನೆಯು ತಮಾಷೆಯದಾದರೂ ಉತ್ತರವು ಹಾಗಲ್ಲ. ಒಣ ಮರಳನ್ನು ರಾಶಿ ಹಾಕಿ ನೋಡಿರಿ. ಅದು ಎಂದಿಗೂ ಗೋಡೆಯಂತೆ ನೆಟ್ಟಗೆ ನಿಲ್ಲದು. ನೆಲದೊಂದಿಗೆ ಮೂವತ್ತು ಮೂವತ್ತೈದು ಡಿಗ್ರಿಯ ಇಳಿಜಾರಾದ ಕೂಡಲೇ ಮರಳು ಜಾರಲಾರಂಭಿಸುತ್ತದೆ. ಮರಳಿನ ಕಣಗಳ ನಡುವೆ ಇರತಕ್ಕದ್ದು ಘರ್ಷಣೆಯೊಂದೇ. ಜೇಡಿಮಣ್ಣಿನಲ್ಲಿ ಘರ್ಷಣೆಯ ಜೊತೆಗೆ ಅಂಟು ಇದೆ. ಬಾವಿ ತೋಡುವವರು ಇದನ್ನು ಪುಸ್ತಕ ಓದದೆ ಬಲ್ಲರು. ಜೇಡಿನೆಲದಲ್ಲಿ ಅವರು ನೆಟ್ಟಗೆ ಇಳಿಯುತ್ತಾರೆ, ಮರಳು ಬಂದೊಡನೆ ಎಚ್ಚರಗೊಳ್ಳುತ್ತಾರೆ.

ಈ ಎರಡು ಗುಣಗಳನ್ನೂ ಸೇರಿಸಿ ಮೊದಲು ಲೆಕ್ಕ ಹಾಕಿದವನು ನಮ್ಮ ವಿದ್ಯಾರ್ಥಿಗಳಿಗೆ ಚೆನ್ನಾಗಿ ಪರಿಚಿತನಾದ ಕೂಲಂ. ವಿದ್ಯುದಾವೇಶಗಳ ಆಕರ್ಷಣ ವಿಕರ್ಷಣಗಳ ನಿಯಮಕ್ಕೆ ಹೆಸರಾದ ಈ ಫ್ರೆಂಚ್ ವಿಜ್ಞಾನಿಯು ವೃತ್ತಿಯಿಂದ ಸೈನ್ಯದ ಎಂಜಿನಿಯರ್. ವೆಸ್ಟ್ ಇಂಡೀಸಿನ ಮಾರ್ಟಿನೀಕ್ ದ್ವೀಪದಲ್ಲಿ ಕೋಟೆಯೊಂದನ್ನು ಕಟ್ಟಿಸುತ್ತ ಎಂಟು ವರ್ಷಗಳನ್ನು ಕಳೆದು ಬಂದಮೇಲೆ, 1773ರಲ್ಲಿ ಪ್ಯಾರಿಸಿನ ಅಕಾಡೆಮಿಯ ಮುಂದೆ ಆತನು ಮಂಡಿಸಿದ ಪ್ರಬಂಧವು ಮಣ್ಣಿನ ಒತ್ತಡವನ್ನೂ ಗೋಡೆಗಳ ಬಲವನ್ನೂ ಕುರಿತದ್ದು. ವಿದ್ಯುತ್ತಿನ ಪ್ರಯೋಗಗಳು ಆಮೇಲೆ ಬಂದುವು.

ಕೂಲಂನ ದಾರಿಯನ್ನೇ ಹಿಡಿದು ನಾವೂ ಒಂದು ಲೆಕ್ಕ ಮಾಡೋಣ. ಸರಳತೆಗಾಗಿ ಅಂಟನ್ನು ಮಾತ್ರ ಗಣಿಸೋಣ. ನೆಟ್ಟಗೆ ಕಡಿದ ಮಣ್ಣಿನ ಗೋಡೆಯು ಕುಸಿಯುವುದಾದರೆ, ಅದರ ಬುಡದಿಂದ ಮೇಲಕ್ಕೆ 45 ಡಿಗ್ರಿ ಓರೆಯಾದ ತಳದ ಮೇಲೆ ಒಂದು ತ್ರಿಕೋಣಾಕಾರದ ಹೋಳು ಜಾರಬೇಕು. ಹೋಳಿನ ತೂಕವು ಅದನ್ನು ಕೆಳಕ್ಕೆ ಎಳೆಯುತ್ತದೆ; ಓರೆತಳದ ಉದ್ದಕ್ಕೂ ಇರುವ ಅಂಟು ಅದನ್ನು ಹಿಡಿದಿರುತ್ತದೆ. ಎತ್ತರವು ಎರಡರಷ್ಟಾದರೆ ಅಂಟು ಎರಡರಷ್ಟಾಗುತ್ತದೆ, ಆದರೆ ತೂಕವು ನಾಲ್ಕರಷ್ಟಾಗುತ್ತದೆ. ಆದುದರಿಂದ ಒಂದು ಎತ್ತರವನ್ನು ದಾಟಿದಮೇಲೆ ತೂಕವು ಗೆಲ್ಲಲೇಬೇಕು. ಎರಡನ್ನೂ ಸಮೀಕರಿಸಿದರೆ ಆ ಎತ್ತರವು ಅಂಟಿನ ನಾಲ್ಕು ಪಾಲನ್ನು ಮಣ್ಣಿನ ಸಾಂದ್ರತೆಯಿಂದ ಭಾಗಿಸಿದಷ್ಟೆಂದು ತಿಳಿಯುತ್ತದೆ. ಅಂಟು ಚದರ ಮೀಟರಿಗೆ 5 ಟನ್, ಸಾಂದ್ರತೆ ಘನ ಮೀಟರಿಗೆ 1.8 ಟನ್ ಇರುವ ಗಟ್ಟಿ ಜೇಡಿಯನ್ನು ಊಹಿಸಿಕೊಳ್ಳಿರಿ. ಅದು ಸುಮಾರು 11 ಮೀಟರ್ ಎತ್ತರಕ್ಕೆ ಯಾವ ಆಸರೆಯೂ ಇಲ್ಲದೆ ನಿಂತೀತು.

ಆದರೆ ಮೇಲೆ ಮನೆಯಿದೆ. ಅದರ ಭಾರವನ್ನು ಚದರ ಮೀಟರಿಗೆ ಎರಡೂವರೆ ಟನ್ ಎಂದಿಟ್ಟುಕೊಂಡು ಹೋಳಿನ ತೂಕಕ್ಕೆ ಸೇರಿಸಿದರೆ, 11 ಮೀಟರ್ ಎಂಬುದು 8.3 ಮೀಟರಿಗೆ ಇಳಿಯುತ್ತದೆ. ಇನ್ನು ಮಳೆ. ಬಿಸಿಲಿಗೆ ಒಣಗಿದ ಜೇಡಿಯ ನೆತ್ತಿಯಲ್ಲಿ ಎರಡು ಮೀಟರ್ ಆಳದ ಬಿರುಕು ಬಿಟ್ಟಿದೆ, ಅದರಲ್ಲಿ ನೀರು ತುಂಬಿದೆ ಎಂದು ಭಾವಿಸಿರಿ. ಗೋಡೆಯ ಒಂದೊಂದು ಮೀಟರ್ ಉದ್ದಕ್ಕೂ ಆ ನೀರು ಎರಡು ಟನ್ ಬಲದಿಂದ ಮಣ್ಣನ್ನು ಹೊರಕ್ಕೆ ನೂಕುತ್ತದೆ. ಅಲ್ಲದೆ ಅಗೆದ ದಿನ ಇದ್ದ ಬಲವು ಜೇಡಿಯಲ್ಲಿ ಕೊನೆಯತನಕ ಇರುವುದಿಲ್ಲ. ಮೇಲಿನ ಹೊರೆಯನ್ನು ತೆಗೆದಾಗ ಅದು ಹಿಗ್ಗಲು ಹವಣಿಸಿ, ನೀರನ್ನು ನಿಧಾನವಾಗಿ ಹೀರಿಕೊಂಡು, ವಾರಗಳು ತಿಂಗಳುಗಳು ಕಳೆದಂತೆ ಮೆತ್ತಗಾಗುತ್ತದೆ. ದಿಬ್ಬವು ಇಂದು ನಿಂತಿದೆ ಎಂಬುದು ನಾಳೆಗೆ ಪ್ರಮಾಣವಲ್ಲ. ಮನೆಯನ್ನು ಯಾರೂ ಮುಟ್ಟದಿದ್ದರೂ, ಅದರ ಸುತ್ತ ಅಗೆದವನು ಅದರ ಆಯುಷ್ಯಕ್ಕೆ ಕೈಯಿಟ್ಟಂತೆಯೇ ಸರಿ.

ನ್ಯಾಯಶಾಸ್ತ್ರವು ಈ ಸಂಗತಿಯನ್ನು ತನ್ನದೇ ದಾರಿಯಲ್ಲಿ ಕಂಡುಕೊಂಡಿದೆ. ಪಕ್ಕದ ನೆಲದಿಂದ ತನ್ನ ನೆಲಕ್ಕೆ ದೊರೆಯುವ ಆಸರೆಯು ಭೂಮಿಯ ಒಡೆಯನ ಸಹಜವಾದ ಹಕ್ಕು ಎಂದು ಇಂಗ್ಲೆಂಡಿನ ಕಾನೂನು ಹೇಳುತ್ತದೆ. ನಮ್ಮ ದೇಶದ 1882ರ ಈಸ್‌ಮೆಂಟ್ ಕಾಯಿದೆಯೂ ಅದನ್ನೇ ಹೇಳುತ್ತದೆ. ಆದರೆ ಇದು ಬರಿಯ ನೆಲಕ್ಕೆ ಸಲ್ಲುವ ಹಕ್ಕು. ಮೇಲೆ ಕಟ್ಟಿದ ಮನೆಯ ಹೆಚ್ಚಿನ ಭಾರಕ್ಕೂ ಆಸರೆ ಬೇಕೆನ್ನುವುದಾದರೆ ಆ ಮನೆಯು ಇಪ್ಪತ್ತು ವರ್ಷ ಅಲ್ಲಿ ನಿಂತಿರಬೇಕು. 1881ರಲ್ಲಿ ಹೌಸ್ ಆಫ್ ಲಾರ್ಡ್ಸ್ ತೀರ್ಮಾನಿಸಿದ ಡಾಲ್ಟನ್ ಮತ್ತು ಆಂಗಸ್ ಮೊಕದ್ದಮೆಯಲ್ಲಿ, ಪಕ್ಕದವರು ಅಗೆದುದರಿಂದ ಕುಸಿದುಬಿದ್ದ ಗಾಡಿ ಕಾರ್ಖಾನೆಯು ಇಪ್ಪತ್ತೇಳು ವರ್ಷಗಳಿಂದ ನಿಂತಿದ್ದಿತು; ಆದುದರಿಂದ ಅದರ ಒಡೆಯರಿಗೆ ಜಯವಾಯಿತು. ನೆಲದ ತೂಕ ಒಂದು, ಕಟ್ಟಡದ ತೂಕ ಇನ್ನೊಂದು ಎಂದು ನಾವು ಮೇಲೆ ಬೇರೆ ಬೇರೆಯಾಗಿ ಎಣಿಸಿದೆವಲ್ಲವೇ? ಆ ನ್ಯಾಯಾಧೀಶರೂ ಹಾಗೆಯೇ ಎಣಿಸಿದರು.

ಮಣ್ಣನ್ನು ಮುಟ್ಟದೆಯೂ ಮನೆಯನ್ನು ಪೀಡಿಸಬಹುದು. ಅಮೆರಿಕದ ಸಿಯಾಟಲ್ ನಗರದ ಬಾಲರ್ಡ್ ಭಾಗದಲ್ಲಿ, 1900ರ ಸುಮಾರಿನ ಪುಟ್ಟದೊಂದು ಮನೆಯಲ್ಲಿ ಒಬ್ಬ ವೃದ್ಧೆಯಿದ್ದರು. ಆಕೆಯ ತಾಯಿ ಕಣ್ಣುಮುಚ್ಚಿದುದೂ ಅದೇ ಮನೆಯಲ್ಲಿ. 2006ರಲ್ಲಿ ಹತ್ತು ಲಕ್ಷ ಡಾಲರ್ ಕೊಡುತ್ತೇವೆಂದರೂ ಆಕೆ ಮಾರಲಿಲ್ಲ. ಕಟ್ಟುವವರು ಮೂರು ಕಡೆಗಳಲ್ಲಿ ಐದಂತಸ್ತಿನ ಗೋಡೆಗಳನ್ನೆಬ್ಬಿಸಿದರು. ಮನೆಯು ಪೆಟ್ಟಿಗೆಯೊಳಗಿನ ಬೊಂಬೆಯಂತಾಯಿತು. ಸಿಯಾಟಲ್ ಇರುವುದು 47.6 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನಲ್ಲಿಯೂ ಸೂರ್ಯನು ದಿಗಂತದಿಂದ 19 ಡಿಗ್ರಿ ಮಾತ್ರ ಮೇಲಿರುತ್ತಾನೆ. ದಕ್ಷಿಣ ದಿಕ್ಕಿನಲ್ಲಿರುವ 18 ಮೀಟರ್ ಎತ್ತರದ ಗೋಡೆಯ ನೆರಳು ಆಗ 52 ಮೀಟರ್ ದೂರ ಚಾಚುತ್ತದೆ. ಬೆಂಗಳೂರಿನಲ್ಲಿ ಅದೇ ದಿನ ಅದೇ ಗೋಡೆಯ ನೆರಳು 13 ಮೀಟರುಗಳನ್ನು ಸ್ವಲ್ಪ ಮೀರೀತು, ಅಷ್ಟೆ. ತ್ರಿಕೋಣಮಿತಿಯ ಕೋಷ್ಟಕವನ್ನು ತೆಗೆದು ವಿದ್ಯಾರ್ಥಿಗಳು ತಮ್ಮ ತಮ್ಮ ಊರಿಗೂ ಇದನ್ನು ಲೆಕ್ಕ ಹಾಕಿ ನೋಡಬಹುದು.

ಇಪ್ಪತ್ತು ವರ್ಷ ಅನುಭವಿಸಿದ ಬೆಳಕಿಗೆ ಇಂಗ್ಲೆಂಡಿನಲ್ಲಿಯೂ ನಮ್ಮ ಈಸ್‌ಮೆಂಟ್ ಕಾಯಿದೆಯಲ್ಲಿಯೂ ರಕ್ಷಣೆಯುಂಟು. ಅಮೆರಿಕದ ನ್ಯಾಯಾಲಯಗಳು ಮಾತ್ರ ಅದನ್ನು ಸಾಮಾನ್ಯವಾಗಿ ಒಪ್ಪಿಲ್ಲ. 1959ರಲ್ಲಿ ಮಯಾಮಿಯ ಒಂದು ಹೋಟೆಲು ಎಬ್ಬಿಸಿದ ಹೊಸ ಅಂತಸ್ತುಗಳ ನೆರಳು ಪಕ್ಕದ ಹೋಟೆಲಿನ ಈಜುಕೊಳದ ಮೇಲೆ ಬೀಳುವುದೆಂದು ತಕರಾರಾದಾಗ, ನೆರೆಯವನ ಆಕಾಶದಿಂದ ಬರುವ ಬಿಸಿಲಿನ ಮೇಲೆ ಯಾರಿಗೂ ಹಕ್ಕಿಲ್ಲವೆಂದು ತೀರ್ಪಾಯಿತು.

ಸಿಯಾಟಲಿನ ವೃದ್ಧೆಯ ಕಥೆ ಜಗಳದ ಕಥೆಯಾಗಲಿಲ್ಲ ಎಂಬುದನ್ನು ಹೇಳಲೇಬೇಕು. ಕಟ್ಟಡದ ಕೆಲಸದ ಮೇಲ್ವಿಚಾರಕನು ಆಕೆಯನ್ನು ವೈದ್ಯರ ಬಳಿಗೆ ಕರೆದೊಯ್ಯುತ್ತ, ಅಡುಗೆ ಮಾಡಿಕೊಡುತ್ತ ಮಿತ್ರನಾದನು. 2008ರಲ್ಲಿ ತಮ್ಮ 86ನೆಯ ವಯಸ್ಸಿನಲ್ಲಿ ಅದೇ ಮನೆಯಲ್ಲಿ ತೀರಿಕೊಂಡಾಗ ಆಕೆ ಮನೆಯನ್ನು ಆತನಿಗೇ ಬರೆದಿಟ್ಟಿದ್ದರು. 2009ರ 'ಅಪ್' ಎಂಬ ಚಲನಚಿತ್ರವು ಈ ಮನೆಯನ್ನು ನೋಡಿ ಮಾಡಿದ್ದೆಂಬ ಮಾತು ಬಹಳ ಹರಡಿದೆ. ಆದರೆ ಆ ಚಿತ್ರದ ಕೆಲಸವು 2004ರಲ್ಲಿಯೇ ಆರಂಭವಾಗಿತ್ತು.

ಇಂಥವರನ್ನು ವಿಚಿತ್ರ ಸ್ವಭಾವದವರು, ಹಟಮಾರಿಗಳು ಎಂದು ಪತ್ರಿಕೆಗಳು ವರ್ಣಿಸುವುದುಂಟು. ಇಲ್ಲಿ ನಮ್ಮ ಗಣಿತವನ್ನು ಸ್ವಲ್ಪ ವಿಚಾರಿಸೋಣ. ಒಂದು ಬೀದಿಯಲ್ಲಿ 20 ಮನೆಗಳಿವೆ. ಪ್ರತಿಯೊಬ್ಬರೂ ಮಾರಲು ಒಪ್ಪುವ ಸಂಭವ ನೂರಕ್ಕೆ ತೊಂಬತ್ತು ಎಂದಿಟ್ಟುಕೊಳ್ಳಿರಿ. ಇಪ್ಪತ್ತು ಮಂದಿಯೂ ಒಪ್ಪುವ ಸಂಭವವೆಷ್ಟು? 0.9 ಎಂಬುದನ್ನು ಇಪ್ಪತ್ತು ಬಾರಿ ಗುಣಿಸಿದರೆ ಬರುವುದು 0.12, ಎಂದರೆ ನೂರಕ್ಕೆ ಹನ್ನೆರಡು. 50 ಮನೆಗಳಾದರೆ ಇನ್ನೂರಕ್ಕೆ ಒಂದು. ಚೊಂಗ್‌ಚಿಂಗಿನ 280 ಕುಟುಂಬಗಳಲ್ಲಿ ಪ್ರತಿಯೊಂದೂ ನೂರಕ್ಕೆ ತೊಂಬತ್ತೊಂಬತ್ತು ಪಾಲು ಸಿದ್ಧವಾಗಿದ್ದಿತೆಂದು ಭಾವಿಸಿದರೂ, ಎಲ್ಲರೂ ಒಟ್ಟಿಗೆ ಒಪ್ಪುವ ಸಂಭವ ನೂರಕ್ಕೆ ಆರು ಮಾತ್ರ! ಮನುಷ್ಯರು ದಾಳಗಳಲ್ಲ; ಒಬ್ಬರನ್ನು ನೋಡಿ ಇನ್ನೊಬ್ಬರು ಒಪ್ಪುತ್ತಾರೆ, ಒಬ್ಬರನ್ನು ನೋಡಿ ಇನ್ನೊಬ್ಬರು ಬಿಗಿಯುತ್ತಾರೆ; ಆದುದರಿಂದ ಈ ಅಂಕಿಗಳನ್ನು ಅಕ್ಷರಶಃ ಹಿಡಿಯಲಾಗದು. ಆದರೂ ದೊಡ್ಡ ಯೋಜನೆಯಲ್ಲಿ ಒಲ್ಲದವರೊಬ್ಬರು ಉಳಿಯುವುದೇ ಸಹಜ, ಉಳಿಯದಿರುವುದೇ ಅಪರೂಪ ಎಂಬುದು ಸ್ಪಷ್ಟ. ನದಿಗೆ ಸೇತುವೆ ಕಟ್ಟುವ ಎಂಜಿನಿಯರನು ಪ್ರವಾಹವನ್ನು ಮುಂದಾಗಿ ಎಣಿಸಿಕೊಳ್ಳುತ್ತಾನೆಯೇ ಹೊರತು, ಪ್ರವಾಹ ಬಂದಾಗ ನದಿಯನ್ನು ಹಟಮಾರಿಯೆಂದು ಬಯ್ಯುವುದಿಲ್ಲ.

ಈ ಗುಣಾಕಾರವನ್ನು ವ್ಯಾಪಾರಿಗಳು ಅನುಭವದಿಂದ ಬಲ್ಲರು. 1960ರ ದಶಕದಲ್ಲಿ ಡಿಸ್ನಿ ಸಂಸ್ಥೆಯು ಫ್ಲೋರಿಡದಲ್ಲಿ 27,000 ಎಕರೆಗೂ ಹೆಚ್ಚು ನೆಲವನ್ನು ಬೇರೆ ಬೇರೆ ಕಂಪನಿಗಳ ಹುಸಿ ಹೆಸರುಗಳಲ್ಲಿ ಗುಟ್ಟಾಗಿ ಕೊಂಡಿತು. 1965ರ ಅಕ್ಟೋಬರಿನಲ್ಲಿ ಗುಟ್ಟು ಬಯಲಾದೊಡನೆ ಸುತ್ತಲಿನ ನೆಲದ ಬೆಲೆ ಗಗನಕ್ಕೇರಿತು. ತಾನೇ ಕಡೆಯವನೆಂದು ತಿಳಿದವನು ಕೇಳುವ ಬೆಲೆಗೆ ಮಿತಿಯಿಲ್ಲ. ನ್ಯೂಯಾರ್ಕಿನಲ್ಲಿ ಮೇಸಿ ಎಂಬ ಪ್ರಸಿದ್ಧ ಅಂಗಡಿಯವರು ಇಡೀ ಚೌಕವನ್ನು ಕೊಳ್ಳುತ್ತಿರುವಾಗ, 1900ರಲ್ಲಿ ರಾಬರ್ಟ್ ಸ್ಮಿತ್ ಎಂಬಾತನು ಮೂಲೆಯ ತುಣುಕನ್ನು 3,75,000 ಡಾಲರಿಗೆ ಅವರ ಕೈತಪ್ಪಿಸಿ ಕೊಂಡನು. ಮೇಸಿಯವರು ಮಣಿಯಲಿಲ್ಲ, ಆ ಮೂಲೆಯನ್ನು ಬಿಟ್ಟು ಸುತ್ತಲೂ ಕಟ್ಟಿ 1902ರಲ್ಲಿ ಅಂಗಡಿ ತೆರೆದರು. ಆ ತುಣುಕು 1911ರಲ್ಲಿ ಹತ್ತು ಲಕ್ಷ ಡಾಲರಿಗೆ ಮಾರಾಟವಾಯಿತು. ಸ್ಮಿತ್ತನು ಬೆಲೆಗಾಗಿ ಒಲ್ಲೆನೆಂದವನು, ಸಿಯಾಟಲಿನ ವೃದ್ಧೆ ಬಾಳಿಗಾಗಿ ಒಲ್ಲೆನೆಂದವರು. ಮೇಲಿನ ಗುಣಾಕಾರಕ್ಕೆ ಇಬ್ಬರೂ ಒಂದೇ. ತೊಂದರೆಯಿರುವುದು ಇಲ್ಲಿಯೇ.

ಈ ತೊಡಕನ್ನು ಕಳೆಯಲು ಸರ್ಕಾರಗಳು ಬಲಾತ್ಕಾರದ ಸ್ವಾಧೀನವನ್ನು ಹೂಡುತ್ತವೆ. ರಸ್ತೆಗೆ, ಆಸ್ಪತ್ರೆಗೆ ಎಂದರೆ ಯಾರೂ ಬೇಡವೆನ್ನಲಾರರು. ಆದರೆ ಒಬ್ಬರ ಮನೆಯನ್ನು ಕಿತ್ತು ಇನ್ನೊಬ್ಬರ ಉದ್ಯಮಕ್ಕೆ ಕೊಡಬಹುದೇ? ಅಮೆರಿಕದ ನ್ಯೂ ಲಂಡನ್ ಎಂಬ ಸಣ್ಣ ನಗರವು, ಫೈಜರ್ ಔಷಧ ಸಂಸ್ಥೆಯ ಹೊಸ ಸಂಶೋಧನಾಲಯದ ಪಕ್ಕದ ಕೇರಿಯನ್ನು ತೆರವು ಮಾಡಿ, ಹೋಟೆಲು ಕಛೇರಿಗಳನ್ನು ಕಟ್ಟಿಸಲು ಹೊರಟಿತು. ಒಲ್ಲೆವೆಂದ ಒಂಬತ್ತು ಮಂದಿ ಒಡೆಯರಲ್ಲಿ ಒಬ್ಬಾಕೆ 1918ರಲ್ಲಿ ಹುಟ್ಟಿದ್ದು ಅದೇ ಮನೆಯಲ್ಲಿ. ಅಂದಿನಿಂದಲೂ ಅಲ್ಲಿಯೇ ಇದ್ದವರು. 2005ರ ಜೂನ್ 23ರಂದು ಅಮೆರಿಕದ ಸುಪ್ರೀಂ ಕೋರ್ಟು ನಾಲ್ವರ ವಿರುದ್ಧ ಐವರ ಬಹುಮತದಿಂದ ನಗರದ ಪರವಾಗಿ ತೀರ್ಪಿತ್ತಿತು. ಮನೆಗಳು ಹೋದುವು. ಹೋಟೆಲು ಬರಲಿಲ್ಲ. 2009ರಲ್ಲಿ ಫೈಜರ್ ಸಂಸ್ಥೆಯು ತಾನೂ ಅಲ್ಲಿಂದ ಹೊರಡುವುದಾಗಿ ಸಾರಿತು. ತೆರವಾದ ನೆಲವು ಹತ್ತು ವರ್ಷಕ್ಕೂ ಮೇಲ್ಪಟ್ಟು ಹುಲ್ಲು ಬೆಳೆದು ಬಿದ್ದಿತ್ತು. ಆ ತೀರ್ಪಿನ ತರುವಾಯ ಅಮೆರಿಕದ ನಲವತ್ತಕ್ಕೂ ಹೆಚ್ಚು ಸಂಸ್ಥಾನಗಳು ತಮ್ಮ ಕಾನೂನನ್ನು ಬಿಗಿಗೊಳಿಸಿದುವು.

ನಮ್ಮ ದೇಶದಲ್ಲಿ ಆಸ್ತಿಯ ಹಕ್ಕು 1978ರ ಸಂವಿಧಾನ ತಿದ್ದುಪಡಿಯಿಂದ ಮೂಲಭೂತ ಹಕ್ಕುಗಳ ಪಟ್ಟಿಯಿಂದ ಹೊರಬಿದ್ದು, ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಿತ್ತುಕೊಳ್ಳಕೂಡದೆಂಬ 300-ಎ ವಿಧಿಯಾಗಿ ಉಳಿಯಿತು. 2013ರ ಭೂಸ್ವಾಧೀನ ಕಾಯಿದೆಯು, ಖಾಸಗಿ ಕಂಪನಿಗಾಗಿ ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವಾಗ ಬಾಧಿತ ಕುಟುಂಬಗಳಲ್ಲಿ ನೂರಕ್ಕೆ 80ರ ಒಪ್ಪಿಗೆ ಬೇಕೆಂದು ವಿಧಿಸಿತು. ಇದರ ಗಣಿತವು ಕುತೂಹಲಕರವಾಗಿದೆ. ಹಿಂದಿನ ಇಪ್ಪತ್ತು ಮನೆಗಳ ಬೀದಿಯನ್ನೇ ತೆಗೆದುಕೊಳ್ಳಿರಿ. ಎಲ್ಲರೂ ಒಪ್ಪಬೇಕೆಂದಾಗ ಸಂಭವ ನೂರಕ್ಕೆ 12 ಇದ್ದಿತು. ಹದಿನಾರು ಮಂದಿ ಒಪ್ಪಿದರೆ ಸಾಕೆಂದ ಕೂಡಲೇ ಅದು ನೂರಕ್ಕೆ 96ಕ್ಕೆ ಏರುತ್ತದೆ! ಸ್ಮಿತ್ತನಂಥವನ ಆಟ ಇಲ್ಲಿ ನಡೆಯದು. ಆದರೆ ಉಳಿದ ನಾಲ್ವರಲ್ಲಿ ಸಿಯಾಟಲಿನ ವೃದ್ಧೆಯಂಥವರಿದ್ದರೆ ಅವರ ಮಾತೂ ನಡೆಯದು. ಅವರಿಗೆ ಮಾರುಕಟ್ಟೆಯ ಬೆಲೆಯನ್ನು ಕೊಟ್ಟರೆ ನ್ಯಾಯವಾಯಿತೇ? ಮಾರುಕಟ್ಟೆಯ ಬೆಲೆಗೆ ಒಪ್ಪುವ ಮನಸ್ಸಿದ್ದರೆ ಅವರು ಎಂದೋ ಮಾರಿರುತ್ತಿದ್ದರು. ಮಾರದೆ ಇದ್ದಾರೆಂಬುದೇ ಅವರಿಗೆ ಆ ಮನೆಯು ಅದಕ್ಕಿಂತ ಹೆಚ್ಚೆಂಬುದಕ್ಕೆ ಸಾಕ್ಷಿ. ನಮ್ಮ ಕಾಯಿದೆಯು ಪರಿಹಾರವನ್ನು ನಗರದಲ್ಲಿ ಬೆಲೆಯ ಎರಡರಷ್ಟಕ್ಕೂ ಹಳ್ಳಿಗಳಲ್ಲಿ ನಾಲ್ಕರಷ್ಟರವರೆಗೂ ಏರಿಸಿದೆ. ಹುಟ್ಟಿದ ಮನೆಯ ಬೆಲೆ ಎರಡರಷ್ಟೋ ಇಪ್ಪತ್ತರಷ್ಟೋ ಎಂಬುದನ್ನು ಅಳೆಯುವ ತಕ್ಕಡಿ ಯಾವ ಪ್ರಯೋಗಶಾಲೆಯಲ್ಲೂ ಇಲ್ಲ. ಚೊಂಗ್‌ಚಿಂಗಿನಲ್ಲಿ ಕೊನೆಗೆ ಒಪ್ಪಂದವೇ ಆಯಿತು. 2007ರ ಏಪ್ರಿಲ್ 2ರಂದು ಒಪ್ಪಂದವಾದ ಬಳಿಕ ಮನೆಯನ್ನು ಕೆಡವಿದರು.

ಹಾವು ಸಾಯದಂತೆ ಕೋಲು ಮುರಿಯದಂತೆ ಮಾಡಿದ ಒಂದು ಪ್ರಯತ್ನವನ್ನೂ ವಾಚಕರ ಮುಂದಿಡುತ್ತೇವೆ. ಜಪಾನಿನ ಒಸಾಕ ನಗರದಲ್ಲಿ, ಮೇಜಿ ಯುಗದ ಆರಂಭದಿಂದಲೂ ಸೌದೆ ಇದ್ದಲಿನ ವ್ಯಾಪಾರವಿದ್ದ ಒಂದು ಮನೆತನದ ನಿವೇಶನದ ಮೇಲೆಯೇ ಹೊಸ ಹೆದ್ದಾರಿಯ ಕವಲು ಹಾಯಬೇಕಾಗಿತ್ತು. ಒಡೆಯರು ನೆಲವನ್ನು ಬಿಡಲಿಲ್ಲ, ಅಲ್ಲಿ ಕಟ್ಟಡವೇಳಬೇಕೆಂದರು. ಸುಮಾರು ಐದು ವರ್ಷ ಮಾತುಕತೆ ನಡೆಯಿತು. ಒಂದೇ ನೆಲದ ಮೇಲಿನ ಆಕಾಶವನ್ನು ರಸ್ತೆಯೂ ಕಟ್ಟಡವೂ ಹಂಚಿಕೊಳ್ಳಬಹುದೆಂದು 1989ರಲ್ಲಿ ಕಾನೂನು ತಿದ್ದುಪಡಿಯಾಯಿತು. 1992ರಲ್ಲಿ ಪೂರ್ತಿಯಾದ ಹದಿನಾರು ಅಂತಸ್ತಿನ ಆ ಕಟ್ಟಡದ ಹೊಟ್ಟೆಯಲ್ಲಿ ಹೆದ್ದಾರಿಯು ತೂರಿ ಹೋಗುತ್ತದೆ.

ಇಲ್ಲಿಯ ಭೌತವಿಜ್ಞಾನವು ಗಮನಾರ್ಹವಾದುದು. ಲಾರಿಯೊಂದು ಸೇತುವೆಯ ಮೇಲೆ ಹಾದಾಗ ಕಾಂಕ್ರೀಟು ಕಂಪಿಸುತ್ತದೆ. ಆ ಕಾಂಕ್ರೀಟು ಕಟ್ಟಡದ ಕಾಂಕ್ರೀಟಿಗೆ ತಗುಲಿದ್ದರೆ ಕಂಪನವು ಹದಿನಾರು ಅಂತಸ್ತಿಗೂ ಹರಿದೀತು. ಪಿಟೀಲಿನ ತಂತಿಯ ಕಂಪನವು ಕುದುರೆಯ ಮೂಲಕ ಮರದ ಒಡಲಿಗೆ ಹರಿಯುವಂತೆ. ಆದುದರಿಂದ ರಸ್ತೆಯು ಕಟ್ಟಡವನ್ನು ಎಲ್ಲಿಯೂ ಮುಟ್ಟುವುದಿಲ್ಲ. ಅದು ಕಟ್ಟಡದ ಹೊರಗೆ ನಿಲ್ಲಿಸಿದ ತನ್ನದೇ ಕಂಬಗಳ ಮೇಲೆ ಸೇತುವೆಯಾಗಿ ಒಳಗೆ ಹಾಯುತ್ತದೆ. ನಡುವೆ ಇರುವುದು ಗಾಳಿ. ಸಾಂದ್ರತೆಯನ್ನು ಶಬ್ದದ ವೇಗದಿಂದ ಗುಣಿಸಿದ ಮೊತ್ತವು ಕಾಂಕ್ರೀಟಿಗೆ ಗಾಳಿಯದರ ಸುಮಾರು ಇಪ್ಪತ್ತು ಸಾವಿರದಷ್ಟಿರುವುದರಿಂದ, ಕಾಂಕ್ರೀಟಿನಿಂದ ಗಾಳಿಗೆ ನೇರವಾಗಿ ದಾಟುವ ಶಬ್ದಶಕ್ತಿ ಐದು ಸಾವಿರದಲ್ಲಿ ಒಂದು ಪಾಲಿನಷ್ಟು. ಗಾಳಿಯಿಂದ ಮತ್ತೆ ಕಟ್ಟಡದ ಗೋಡೆಗೆ ದಾಟುವಾಗ ಅದರಲ್ಲಿಯೂ ಬಹುಪಾಲು ಹಿಂದಿರುಗುತ್ತದೆ. ಇದರ ಮೇಲೆ ರಸ್ತೆಯ ಸುತ್ತ ಸದ್ದನ್ನೂ ಕಂಪನವನ್ನೂ ತಡೆಯುವ ಒಂದು ಕವಚವನ್ನು ಕಟ್ಟಿದ್ದಾರೆ.

ಆ ಕಟ್ಟಡದ ಲಿಫ್ಟು ನಾಲ್ಕನೆಯ ಅಂತಸ್ತನ್ನು ಬಿಟ್ಟರೆ ಎಂಟನೆಯದರಲ್ಲಿಯೇ ನಿಲ್ಲುವುದು. ಕೆಳಗಿನ ಹೆಸರುಪಟ್ಟಿಯಲ್ಲಿ ಐದು, ಆರು, ಏಳನೆಯ ಅಂತಸ್ತುಗಳ ಬಾಡಿಗೆದಾರರೆಂದು ಬರೆದಿರುವುದು ಹನ್‌ಶಿನ್ ಹೆದ್ದಾರಿಯ ಹೆಸರನ್ನು.